ಮೊಲ ದಪ್ಪ ಇರಲಿಲ್ಲ

ಹೊಲಿದ ಪ್ಯಾಂಟು ಗಿರಾಕಿಯ ಸೊಂಟಕ್ಕೆ ಹತ್ತದಿದ್ದರೆ ನಮ್ಮ ಕಸುಬಿನಲ್ಲಿ ಹೇಳುವ ಮಾತು ಒಂದೇ: "ಅಳತಿ ಕೊಟ್ಟ ಮ್ಯಾಲೆ ನೀವು ಸ್ವಲ್ಪ ದಪ್ಪ ಆಗೀರಿ ನೋಡ್ರಿ." ಹೀಗೆಂದರೆ ಎಂಥ ಜೋರಿನ ಮನುಷ್ಯನೂ ಮೆತ್ತಗಾಗುತ್ತಾನೆ. ತನ್ನ ಹೊಟ್ಟೆಯನ್ನೊಮ್ಮೆ ನೋಡಿಕೊಳ್ಳುತ್ತಾನೆ, ಎಲ್ಲೋ ತಿಂದ ಹೋಳಿಗೆ ನೆನಪಾಗುತ್ತದೆ, ತಪ್ಪು ತನ್ನದೇ ಅನ್ನಿಸುತ್ತದೆ. ಪುಣೆಯಲ್ಲಿ ಅಂಗಡಿ ಹಾಕಿದಾಗಿನಿಂದ ಈ ಮಾತು ನನ್ನನ್ನು ಬಹಳ ಸಲ ಕಾಪಾಡಿದೆ. ಗಿರಾಕಿಗಳಿಗೆ ಹೇಳಿದ್ದಕ್ಕೆ ನನಗೆ ಅಷ್ಟೇನೂ ಬೇಸರವಿಲ್ಲ. ಆದರೆ ಇದೇ ಮಾತನ್ನು ನನ್ನ ತಂಗಿ ಉಲ್ಲನ್ನಿನಲ್ಲಿ ಹೆಣೆದ ಒಂದು ಮೊಲದ ಬಗ್ಗೆ ಹೇಳಿದೆ. ಅದನ್ನು ಮಾತ್ರ ಮರೆಯಲು ಆಗಿಲ್ಲ.

ನಾನು ಐದನೇ ಇಯತ್ತೆಗೆ ಸಾಲೆ ಬಿಟ್ಟವನು. ನನ್ನ ಅಂಗಡಿ ಮಾರ್ಕೆಟ್ ಯಾರ್ಡಿನ ಹತ್ತಿರ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿದೆ. ಮೂಟೆ ಹೊರುವ ಹಮಾಲರ ಹರಿದ ಅಂಗಿ, ಗಾಡಿಯವರ ಪ್ಯಾಂಟು, ಇಂಥವೇ ನನ್ನ ಕೆಲಸ. ತಂಗಿ ಪುಣೆಯ ಅಂಚಿನ ಭೋಸರಿಯಲ್ಲಿದ್ದಾಳೆ. ಅವಳ ಗಂಡ ಅಲ್ಲಿನ ಕಾರ್ಖಾನೆಯೊಂದರಲ್ಲಿ ಲೇಥ್ ಯಂತ್ರದ ಮೇಲೆ ಕೆಲಸ ಮಾಡುತ್ತಾನೆ. ನಮ್ಮ ಮನೆಯಲ್ಲಿ ಸೂಜಿ ಎಂದರೆ ನಾನು. ತಂಗಿಯ ಕೈಗೆ ಸೂಜಿ ಬಂದರೆ ಎಲ್ಲರೂ ನಗಲು ತಯಾರಾಗುತ್ತಿದ್ದರು. ಧಾರವಾಡದಲ್ಲಿದ್ದಾಗ, ಸಣ್ಣವಳಿದ್ದಾಗ, ಒಮ್ಮೆ ಕರವಸ್ತ್ರಕ್ಕೆ ಅಂಚು ಹೊಲಿಯುತ್ತ ಕೂತವಳು ಅದನ್ನು ತನ್ನ ಲಂಗಕ್ಕೇ ಸೇರಿಸಿ ಹೊಲಿದುಕೊಂಡು ಎದ್ದು ನಿಂತಿದ್ದಳು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆಮೇಲೆ ಎಷ್ಟೋ ವರ್ಷ ಆ ಕಥೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದವನೂ ನಾನೇ.

ಅವಳ ಮಗಳ ಲಗ್ನ ಮರಾಠಿ ಮನೆಯ ಹುಡುಗನ ಜೊತೆ ಗೊತ್ತಾಯಿತು. ಮಾತುಕತೆಯ ದಿನ ಹುಡುಗನ ಸೋದರತ್ತೆ ಚಹಾ ಕುಡಿಯುತ್ತ, "ತುಮ್ಚ್ಯಾತ ರುಖವತ ಅಸತಂ ಕಾ?" ಎಂದು ಕೇಳಿದರು. ನಿಮ್ಮಲ್ಲಿ ರುಖವತ ಇರುತ್ತದೆಯೇ ಎಂದು. ರುಖವತ ಎಂದರೆ ಲಗ್ನದ ದಿನ ಹೆಣ್ಣಿನ ಕಡೆಯವರು ತಮ್ಮ ಕೈಯಿಂದ ಮಾಡಿದ ತಿಂಡಿ, ಕಸೂತಿ, ಅಲಂಕಾರದ ಸಾಮಾನುಗಳನ್ನು ಮೇಜಿನ ಮೇಲೆ ಹೊಂದಿಸಿ ಇಡುವುದು. ಗಂಡಿನ ಕಡೆಯವರು ಸುತ್ತ ನಿಂತು ನೋಡುತ್ತಾರೆ. ಈಗ ಪೇಟೆಯಲ್ಲಿ ಇಡೀ ರುಖವತ ಬಾಡಿಗೆಗೂ ಸಿಗುತ್ತದೆ.

"ಇರ್ತದ್ರಿ," ಎಂದಳು ತಂಗಿ. ಮನೆಗೆ ಬಂದ ಮೇಲೆ ನನಗೆ ಹೇಳಿದಳು: "ಅಣ್ಣಾ, ಉಳಿದದ್ದೆಲ್ಲಾ ಬಾಡಿಗಿದು ಇರ್ಲಿ. ಒಂದರೆ ನಾ ಸ್ವತಃ ಮಾಡಿದ್ದು ಆ ಟೇಬಲ್ ಮ್ಯಾಲೆ ಕೂಡಬೇಕು. ನನ್ನ ಮಗಳ ಲಗ್ನ ಅದ."

"ಕರವಸ್ತ್ರ ಮಾಡ್ತಿಯೇನು?" ಎಂದೆ.

ಅವಳು ನಗಲಿಲ್ಲ. ಫೋನಿನಲ್ಲಿ ನೋಡಿ ಕ್ರೋಶಾ ಕಲಿಯಲು ಶುರು ಮಾಡಿದಳು. ಯಾವುದೋ ದೇಶದ ಹೆಂಗಸಂತೆ, ಭಾಷೆ ಒಂದಕ್ಷರ ತಿಳಿಯುವುದಿಲ್ಲ, ಬರೀ ಕೈ ನೋಡಿ ಕಲಿಯುವುದು. ಕೊಕ್ಕೆಯ ಸೂಜಿಯಿಂದ ಉಲ್ಲನ್ನಿನ ಒಂದು ಸಣ್ಣ ಉಂಗುರ ಮಾಡಿ, ಅದರ ಸುತ್ತ ಸುತ್ತುತ್ತ, ಕಣ್ಣಿ ಹೆಚ್ಚಿಸಿದರೆ ಹೊಟ್ಟೆ ಉಬ್ಬುತ್ತದೆ, ಕಡಿಮೆ ಮಾಡಿದರೆ ಕುತ್ತಿಗೆ ಆಗುತ್ತದೆ. ಮೊದಲ ಮೊಲದ ತಲೆ ಬದನೆಕಾಯಿಯಂತೆ ಬಂತು. ಎರಡನೆಯದಕ್ಕೆ ಕಿವಿ ಗಲ್ಲದಲ್ಲಿ ಹುಟ್ಟಿತು. ಅವಳು ಬಿಚ್ಚುವುದು, ಮತ್ತೆ ಹೆಣೆಯುವುದು ನಡೆಸಿದಳು. ಯಾಕೆ ಮೊಲವೇ ಎಂದರೆ, ಅವಳ ಮಗಳ ಮುಂದಿನ ಎರಡು ಹಲ್ಲು ಸ್ವಲ್ಪ ದೊಡ್ಡವು. ಅಷ್ಟೇ.

ಒಂದು ಮಧ್ಯಾಹ್ನ ಬಸ್ಸಿನಲ್ಲಿ ಬಂದು ಅಂಗಡಿಯ ಮೇಜಿನ ಮೇಲೆ ಮೊಲವನ್ನು ಹಾಸಿದಳು. ಇನ್ನೂ ಹತ್ತಿ ತುಂಬಿರಲಿಲ್ಲ. ಬಿಳಿ ಉಲ್ಲನ್ನಿನ ಖಾಲಿ ಚೀಲ, ಆದರೆ ಕಣ್ಣಿ ಒಂದೊಂದೂ ಸಮ. ನಾನು ತಪ್ಪು ಹುಡುಕಿದೆ, ಸಿಗಲಿಲ್ಲ. ಆಗ ಸಂತೋಷವಾಗಬೇಕಿತ್ತು. ಒಳಗೆ ಏನೋ ಚುಚ್ಚಿದಂತಾಯಿತು.

"ಇದಕ್ಕ ಅರಿವಿ ನಾ ಹೊಲೀತೀನಿ," ಎಂದೆ. "ಮದಿಮಗಳ ಹಂಗ. ಒಂಬತ್ತುವಾರಿ ಸೀರಿ, ಮ್ಯಾಲೆ ಖಣದ ಜಂಪರ."

ಅವಳಿಗೆ ಬಹಳ ಖುಷಿಯಾಯಿತು. ಮಗಳ ಲಗ್ನದ ಜಂಪರಿನಲ್ಲಿ ಉಳಿದ ಖಣದ ತುಂಡೊಂದನ್ನು ಚೀಲದಿಂದ ತೆಗೆದುಕೊಟ್ಟಳು. ಮೊಲಕ್ಕೂ ಮದುಮಗಳಿಗೂ ಒಂದೇ ಖಣ. ತುಂಡು ಅಷ್ಟೇ ಇತ್ತು, ಎರಡನೇ ಸಲ ಕತ್ತರಿಸಲು ಸಾಲುವಷ್ಟಿರಲಿಲ್ಲ.

ನಾನು ಟೇಪು ತೆಗೆದೆ.

"ಈಗ ಬ್ಯಾಡ ಅಣ್ಣಾ. ಹತ್ತಿ ತುಂಬಿ ತರ್ತೀನಿ, ಆಮೇಲೆ ಅಳತಿ ತಗೋ."

"ಮನಷ್ಯಾರ ಅಳತಿ ತಗೊಂಡವಗ ಮೊಲದ್ದು ಬರೂದಿಲ್ಲೇನು? ನೀ ಸುಮ್ಮನ ಕೂಡು."

ಮಲಗಿದ ಚೀಲದ ಮೇಲೆ ಟೇಪು ಇಟ್ಟು, ಅಗಲವನ್ನು ಇಮ್ಮಡಿ ಮಾಡಿ ಬರೆದುಕೊಂಡೆ. ಆಮೇಲೆ ಬಾಲದ ಬಗ್ಗೆ ವಾದವಾಯಿತು. ಕಚ್ಚೆ ಹಿಂದೆ ಹೋಗುವ ಜಾಗದಲ್ಲೇ ಬಾಲ ಇತ್ತು.

"ಬಾಲ ಮುಚ್ಚಿಬಿಡೂಣು," ಎಂದೆ.

"ಬಾಲ ಕಾಣಸ್ಲಿಲ್ಲಂದ್ರ ಬೆಕ್ಕು ಅಂತಾರ."

"ಕಿವಿ ನೋಡಿದ್ರ ಗೊತ್ತಾಗೂದಿಲ್ಲೇನ?"

"ಕಿವಿ ಮ್ಯಾಲೆ ಸೆರಗು ಬರ್ತದಲ್ಲ."

ಕೊನೆಗೆ ಕಚ್ಚೆಯನ್ನು ಬಾಲದ ಪಕ್ಕದಿಂದ ತಿರುಗಿಸಿ ಸಿಕ್ಕಿಸುವುದೆಂದು ತೀರ್ಮಾನವಾಯಿತು. ಇಷ್ಟು ಯೋಚನೆಯನ್ನು ಬಾಲಕ್ಕೆ ಕೊಟ್ಟ ನಾನು ಹೊಟ್ಟೆಗೆ ಕೊಡಲಿಲ್ಲ.

ಮುಂದಿನ ವಾರ ಅವಳು ಹತ್ತಿ ತುಂಬಿದ ಮೊಲವನ್ನು ತೊಡೆಯ ಮೇಲೆ ಕೂಡಿಸಿಕೊಂಡು ಬಂದಳು. ನೆಟ್ಟಗೆ ಕೂತ, ಗುಂಡು ಹೊಟ್ಟೆಯ, ಬಹಳ ಸಮಾಧಾನದ ಮೊಲ. ಸೀರೆ ಹೇಗೋ ಸುತ್ತಿತು. ಜಂಪರ ಬೆನ್ನಿನಲ್ಲಿ ಕೂಡಲಿಲ್ಲ. ನಡುವೆ ನಾಲ್ಕು ಬೆರಳು ಅಂತರ. ನೋಡಿದ ಕೂಡಲೇ ನನಗೆ ತಿಳಿಯಿತು. ಖಾಲಿ ಚೀಲದ ಅಳತೆ ಖಾಲಿ ಚೀಲಕ್ಕೇ ಸರಿ. ಹತ್ತಿ ಒಳಗೆ ಹೋದರೆ ಹೆಣಿಗೆ ಹಿಗ್ಗುತ್ತದೆ, ಬಟ್ಟೆ ಹಿಗ್ಗುವುದಿಲ್ಲ. ಇದನ್ನೇ ಅವಳು ಹೇಳಿದ್ದಳು.

ಬಾಯಿಗೆ ಬಂದದ್ದು ಬೇರೆ. "ನಿನ್ನ ಮೊಲ ದಪ್ಪ ಆಗ್ಯಾದ."

ತಂಗಿ ಮೊಲವನ್ನು ನೋಡಿದಳು. "ಹೌದಾ?"

ಪ್ಯಾಂಟು ಒಯ್ಯಲು ಬಂದು ಸ್ಟೂಲಿನ ಮೇಲೆ ಕೂತಿದ್ದ ಹಮಾಲನೊಬ್ಬ, ಕಲಬುರಗಿ ಕಡೆಯವನು, ನಡುವೆ ಬಾಯಿ ಹಾಕಿದ. "ಅಕ್ಕಾರ, ಮಾಸ್ತರು ನನಗೂ ಹಿಂಗ ಅಂದಾರ. ನಾ ರಾತ್ರಿ ಊಟ ಬಿಟ್ಟೀನಿ."

"ಮತ್ತ ಪ್ಯಾಂಟ್ ಹಿಡೀತೇನ್ರಿ?" ಎಂದು ತಂಗಿ ಕೇಳಿದಳು.

"ಇನ್ನೂ ನೋಡಬೇಕ್ರಿ. ಸದ್ಯಕ್ಕ ಹಸಿವ್ಯಾಗ್ಯಾದ."

ತಂಗಿ ಅಲ್ಲೇ ಕೂತು ಮೊಲದ ಬೆನ್ನಿನ ಹೊಲಿಗೆ ಬಿಚ್ಚಿ ಒಂದು ಹಿಡಿ ಹತ್ತಿ ತೆಗೆದಳು. ಜಂಪರ ಆಗಲೂ ಕೂಡಲಿಲ್ಲ. ಇನ್ನೊಂದು ಹಿಡಿ ತೆಗೆದಳು. ಕೂಡಿತು. "ನನ್ನ ಕೈಯ ಹಂಗ ಅಣ್ಣಾ," ಎಂದಳು, "ಅಳತಿ ಅನ್ನೂದ ಬರೂದಿಲ್ಲ." ನಾನು ಹುಕ್ಕು ಹಾಕುತ್ತ, "ಇರ್ಲಿ ಬಿಡು, ಹೊಸದಾಗಿ ಕಲತಾಕಿ," ಎಂದು ದೊಡ್ಡ ಮನಸ್ಸು ತೋರಿಸಿದೆ.

ಲಗ್ನದ ದಿನ ಕಾರ್ಯಾಲಯದಲ್ಲಿ, ಅಂದರೆ ಇಲ್ಲಿನ ಕಲ್ಯಾಣ ಮಂಟಪದಲ್ಲಿ, ಮೇಜಿನ ನಡುವೆ ಮೊಲವನ್ನು ಕೂಡಿಸಲು ಹೋದರೆ ಅದು ಕೂಡಲೊಲ್ಲದು. ನಡುವಿನಲ್ಲಿ ಸತ್ವವೇ ಇಲ್ಲ. ಲಾಡುವಿನ ಡಬ್ಬಿಯೊಂದನ್ನು ಅದರ ಎದೆಗೆ ಆನಿಸಿ ನಿಲ್ಲಿಸಿದೆವು. ಮೊಲಕ್ಕೆ ಹಾಕಿದ್ದ ನತ್ತು ಅದರ ಮೀಸೆಗೇ ಸಿಕ್ಕಿಕೊಂಡಿತ್ತು, ಬಿಡಿಸಿದೆ. ಗಂಡಿನ ಕಡೆಯವರು ನೋಡಲು ಬಂದರು. ಯಾರೋ ಲಾಡು ನೋಡಲೆಂದು ಆ ಡಬ್ಬಿಯನ್ನೇ ಎತ್ತಿಕೊಂಡರು. ಸರಿಯಾಗಿ ಹುಡುಗನ ತಾಯಿ, ನಮ್ಮ ಬೀಗತಿ, ಎದುರಿಗೆ ಬಂದು ನಿಂತಾಗ ಮೊಲ ನಿಧಾನವಾಗಿ ಸೊಂಟದಿಂದ ಬಾಗಿ, ಹಣೆಯನ್ನು ಮೇಜಿಗೆ ಹಚ್ಚಿತು.

"ಅಣ್ಣಾ, ಮೊಲ ಬಿತ್ತು," ಎಂದು ತಂಗಿ ನನ್ನ ಕಿವಿಯಲ್ಲಿ ಅಂದಳು.

"ಅಗಬಾಯಿ," ಎಂದರು ಬೀಗತಿ, ಎದೆಯ ಮೇಲೆ ಕೈ ಇಟ್ಟುಕೊಂಡು, "ನಮಸ್ಕಾರ ಕರತೇಯ ಹೀ."

ಸೊಸೆ ಮೊಲ ಅತ್ತೆಗೆ ನಮಸ್ಕಾರ ಮಾಡುತ್ತಿದೆ ಎಂಬ ಸುದ್ದಿ ಕಾರ್ಯಾಲಯವೆಲ್ಲ ಹಬ್ಬಿತು. ಜನ ಫೋಟೋ ತೆಗೆದರು. ಡಬ್ಬಿ ಇಟ್ಟು ಮತ್ತೆ ತೆಗೆದು ಮಕ್ಕಳಿಗೆ ತೋರಿಸಿದರು. ಹುಡುಗನ ಸೋದರತ್ತೆ ತಂಗಿಯ ಕೈ ಹಿಡಿದು, ನನ್ನ ಮೊಮ್ಮಗಳಿಗೂ ಇಂಥದೊಂದು ಮಾಡಿಕೊಡಿ ಎಂದರು. ತಂಗಿ ತನ್ನ ಮರಾಠಿಯಲ್ಲಿ ಹೇಳಿದ್ದು ಇಷ್ಟು: ಇಲ್ಲರೀ, ನನಗೆ ಅಳತೆ ಬರುವುದಿಲ್ಲ, ಇದೂ ಕೆಟ್ಟೇ ಹೋಗಿತ್ತು, ನಮ್ಮ ಅಣ್ಣ ಬಟ್ಟೆ ಹೊಲಿದು ಮಾನ ಉಳಿಸಿದ.

ಎಲ್ಲರೂ ನನ್ನ ಕಡೆ ನೋಡಿದರು. ಮದುಮಗಳ ಸೋದರಮಾವನೆಂದು ನನಗೆ ಆಗಷ್ಟೇ ಟೋಪಿ ಹಾಕಿ ಕೈಗೆ ತೆಂಗಿನಕಾಯಿ ಕೊಟ್ಟಿದ್ದರು. ಆಗ ಹೇಳಬಹುದಿತ್ತು. ನಾನು ಟೋಪಿ ಸರಿ ಮಾಡಿಕೊಂಡೆ.

ಆಮೇಲೆ ಒಮ್ಮೆ ಭೋಸರಿಗೆ ಹೋದಾಗ ತಂಗಿ ಕ್ರೋಶಾ ಸೂಜಿಯಿಂದ ಲಂಗಕ್ಕೆ ಲಾಡಿ ಏರಿಸುತ್ತಿದ್ದಳು. ಹೆಣೆಯುವುದನ್ನು ಬಿಟ್ಟೇಬಿಟ್ಟಿದ್ದಳು. ಉಳಿದ ಉಲ್ಲನ್ನನ್ನು ಪಕ್ಕದ ಮನೆಗೆ ಕೊಟ್ಟಿದ್ದಳು. "ನಮಗ ಬರೂದಲ್ಲ ಅದು," ಎಂದಳು. ಅವಳು ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಆ ಕಡೆ ಬೀಗತಿ ಮೊಲವನ್ನು ಹಾಲ್‌ನಲ್ಲಿ ಇಟ್ಟುಕೊಂಡಿದ್ದರು. ಬಂದವರಿಗೆಲ್ಲ ಅದು ನಮಸ್ಕಾರ ಮಾಡಬೇಕು. ಮಾಡಿದ ಮೇಲೆ ಅವರು ಸೊಸೆಯ ಕಡೆ ಒಮ್ಮೆ ನೋಡುತ್ತಾರೆ, ಅವಳೂ ಬಗ್ಗಬೇಕು. ಹೊಸ ಜೋಡಿ ಜೇಜುರಿಯ ಗುಡ್ಡದ ದೇವರಿಗೆ ಹೋದಾಗ ಮೊಲವೂ ಹೋಯಿತು. ಅಲ್ಲಿ ಗಂಡ ಹೆಂಡತಿಯನ್ನು ಎತ್ತಿಕೊಂಡು ಕೆಲವು ಮೆಟ್ಟಿಲಾದರೂ ಹತ್ತುವ ಪದ್ಧತಿ ಇದೆ.

"ಇವರು ನನ್ನ ಎತ್ಕೊಂಡು ಐದ ಮೆಟ್ಟಲಾ ಹತ್ತಿ ಇಳಿಸ್ಬಿಟ್ರು ಮಾಮಾ," ಎಂದಳು ತಂಗಿಯ ಮಗಳು, ತೌರಿಗೆ ಬಂದಾಗ. "ಅತ್ತಿ ಮೊಲಾನ ಎತ್ಕೊಂಡು ಕಡೀತನಕ ಹತ್ತಿದ್ರು."

ಜೇಜುರಿಯಲ್ಲಿ ಭಂಡಾರವೆಂದು ಅರಿಸಿನದ ಪುಡಿ ತೂರುವುದರಿಂದ ಮೊಲ ಅರಿಸಿನ ಬಣ್ಣಕ್ಕೆ ತಿರುಗಿತ್ತು. ತೊಳೆಯಲೆಂದು ಅವಳು ಅದನ್ನು ತೌರಿಗೆ ತಂದಿದ್ದಳು. "ಅವ್ವಾ, ತೊಳದ ಮ್ಯಾಲೆ ಇದಕ್ಕ ಹೊಟ್ಟಿ ತುಂಬ ಹತ್ತಿ ಹಾಕು. ನೆಟ್ಟಗ ಕೂಡ್ಲಿ. ಇದು ಬಗ್ಗಿದಾಗೆಲ್ಲಾ ನಾನೂ ಬಗ್ಗಿ ಬಗ್ಗಿ ನಡಾ ಹಿಡದದ."

ತಂಗಿ ತೊಳೆದು, ಒಣಗಿಸಿ, ತುಂಬಿದಳು. ಮಾರನೆಯ ದಿನ ಮೊಲವನ್ನೂ ಜಂಪರನ್ನೂ ಹಿಡಿದು ಅಂಗಡಿಗೆ ಬಂದಳು. "ಅಣ್ಣಾ, ಸ್ವಲ್ಪ ಬಿಚ್ಚಿ ಸಡ್ಲ ಮಾಡು."

ಜಂಪರ ತಿರುವಿ ನೋಡಿದೆ. ಮನುಷ್ಯರ ಬಟ್ಟೆಗಾದರೆ ಮುಂದೆ ಬೇಕಾದೀತೆಂದು ಹೊಲಿಗೆಯ ಒಳಗೆ ಬಟ್ಟೆ ಬಿಟ್ಟಿರುತ್ತೇವೆ. ಮೊಲ ಎಂದು ನಾನು ಬಿಟ್ಟಿರಲಿಲ್ಲ. ಸಡಿಲಿಸಲು ಏನೂ ಇಲ್ಲ.

ನನ್ನ ಮುಖ ನೋಡಿ ಅವಳೇ ಹೇಳಿದಳು, "ಆಗೂದಿಲ್ಲಂದ್ರ ಬಿಡು. ನಂದ ತಪ್ಪು. ಮತ್ತ ಹತ್ತಿ ತಗೀತೀನಿ. ಆಕಿ ಸ್ವಲ್ಪ ದಿವಸ ಬಗ್ಗಲಿ." ನನ್ನ ಕತ್ತರಿ ತೆಗೆದುಕೊಂಡು ಮೊಲವನ್ನು ಬೋರಲು ಹಾಕಿದಳು.

"ತಗೀಬ್ಯಾಡ," ಎಂದೆ. "ಮೊಲ ದಪ್ಪ ಇಲ್ಲ. ಮೊದಲೂ ಇರಲಿಲ್ಲ. ನಾ ಖಾಲಿ ಚೀಲದ ಅಳತಿ ತಗೊಂಡು ಹೊಲದಿದ್ದೆ. ಆವತ್ತ ನೋಡಿದ ಕೂಡ್ಲೆ ಗೊತ್ತಾಗಿತ್ತು ನನಗ."

ಅವಳು ಕತ್ತರಿ ಕೆಳಗಿಟ್ಟಳು. "ಅಂದ್ರ ಮೊಲ ಸರಿ ಇತ್ತು."

"ಸರಿ ಇತ್ತು."

"ನನ್ನ ಅಳತಿ ಸರಿ ಇತ್ತು."

"ಇತ್ತು."

"ಎರಡ ಸಲ ಹತ್ತಿ ತಗದೆ ಅಣ್ಣಾ ನಾನು. ಎರಡ್ನೇ ಸಲ ಅದರ ಮಾರಿ ನೋಡ್ಲಿಕ್ಕಾಗಲಿಲ್ಲ ನನಗ." ಮೊಲದ ಮುಖವನ್ನು ಒರೆಸಿ, ಅದನ್ನು ನನ್ನ ಕಡೆ ತಿರುಗಿಸಿ ಕೂಡಿಸಿದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳೂ ಮೊಲವೂ ನನ್ನನ್ನೇ ನೋಡಿದರು. ಆಮೇಲೆ ಅವಳು ಎದ್ದಳು. "ಬೀಗತಿ ಮನಿಗೆ ನೀನೂ ಬಾ. ಎಲ್ಲಾರ ಮುಂದ ನಾ ಕೆಡಸೀನಿ ಅಂತ ಹೇಳೀನಿ. ಎಲ್ಲಾರ ಮುಂದ ನೀ ಹೇಳು."

ಜಂಪರಿಗೆ ಎರಡೂ ಬದಿ ಬೂದು ಬಣ್ಣದ ಪ್ಯಾಂಟಿನ ಬಟ್ಟೆ ಸೇರಿಸಿ ಹೊಲಿದೆ. ನನ್ನ ಬಳಿ ಇದ್ದದ್ದು ಅದೇ. ಬೀಗತಿಯ ಹಾಲ್‌ನಲ್ಲಿ ಸೋದರತ್ತೆಯೂ ಇದ್ದರು. ನಾನು ನನ್ನ ಹರಕು ಮರಾಠಿಯಲ್ಲಿ, ಮೊಲ ನಮಸ್ಕಾರ ಮಾಡುತ್ತಿರಲಿಲ್ಲ, ಹೊಟ್ಟೆಯಲ್ಲಿ ಹತ್ತಿ ಇಲ್ಲದೆ ಬೀಳುತ್ತಿತ್ತು, ತಂಗಿಯ ಕೆಲಸ ಸರಿ ಇತ್ತು, ನನ್ನ ಹೊಲಿಗೆ ತಪ್ಪಿತ್ತು ಎಂದು ಹೇಳಿದೆ.

ಬೀಗತಿ ಮೊಲದ ಹೊಟ್ಟೆ ಒತ್ತಿ ನೋಡಿದರು. ಅದು ನೆಟ್ಟಗೆ ಕೂತಿತ್ತು. "ಉಪಾಶೀ ಹೋತೀ?" ಎಂದರು. ಹಸಿದಿತ್ತೇ ಎಂದು. ಆಮೇಲೆ ಸೊಸೆಯ ಕಡೆ ತಿರುಗಿ, ನೀನು ತಿಂದೆಯಾ ಎಂದು ಕೇಳಿ, ಅವಳ ಮುಂದೆ ಅವಲಕ್ಕಿ ಚೂಡಾದ ತಟ್ಟೆ ಇಟ್ಟರು. ಹುಡುಗಿ ನೆಟ್ಟಗೆ ಕೂತು ತಿಂದಳು.

ಸೋದರತ್ತೆ ತಮ್ಮ ಮೊಮ್ಮಗಳ ಮಾತು ಮತ್ತೆ ತೆಗೆದರು. "ಮಾಡ್ತೀನ್ರಿ," ಎಂದಳು ತಂಗಿ.

"ಅರಿವಿ ನಾ..." ಎಂದು ಶುರು ಮಾಡಿದೆ.

"ಬ್ಯಾಡ. ಅರಿವೀನೂ ನಾನ ಹೆಣೀತೀನಿ. ಹೆಣಿಗಿ ಎಳದ್ರ ಬರ್ತದ. ನಿನ್ನ ಹೊಲಿಗಿ ಬರೂದಿಲ್ಲ."

ಈಗ ಅವಳ ಮೊಲಗಳಿಗೆ ಅವಳೇ ಸೀರೆ, ಜಂಪರ, ಒಮ್ಮೆ ಒಂದು ಸ್ವೆಟರನ್ನೂ ಹೆಣೆದಿದ್ದಾಳೆ. ಅಂಗಡಿಗೆ ರಜೆ ಇದ್ದಾಗ ನಾನು ಭೋಸರಿಗೆ ಹೋಗುತ್ತೇನೆ. ನನಗೆ ಹತ್ತಿ ತುಂಬುವ ಕೆಲಸ ಕೊಟ್ಟಿದ್ದಾಳೆ. ಹೋದ ಸಲ ಬಹಳ ಮನಸ್ಸಿಟ್ಟು, ಮೂಲೆಮೂಲೆಗೂ ಗಟ್ಟಿಯಾಗಿ ತುಂಬಿದೆ. ಕಿವಿಗೂ ತುಂಬಿದ್ದೆ. ಕಿವಿಗೆ ತುಂಬಬಾರದಂತೆ, ತಲೆ ಭಾರವಾಗಿ ಹಿಂದಕ್ಕೆ ಬೀಳುತ್ತದಂತೆ. ಅವಳು ಎದುರಿಗೆ ಕೂತು, ಒಂದೊಂದೇ ಎಳೆ ಹತ್ತಿಯನ್ನು ನನ್ನ ಕೈಯಿಂದಲೇ ತೆಗೆಸಿದಳು.