ದ್ಯಾವೀರಮ್ಮನ ಬಿಳಿ ಬೂಷ್ಟು

ಮಿರ್ಲೆಯಲ್ಲಿ ಅಣಬೆ ಬೆಳೆಯುವ ದ್ಯಾವೀರಮ್ಮನವರ ಕೋಣೆಗೆ ಹೋಗುವುದು ಹೆರಿಗೆ ವಾರ್ಡಿಗೆ ಹೋಗುವುದಕ್ಕಿಂತ ಕಷ್ಟ. ಕೈಕಾಲು ತೊಳೆಯಬೇಕು, ಕೆಮ್ಮಬಾರದು. ಚಪ್ಪಲಿ ಬಿಡದೆ ಹೋಗಿ ನಾನೇ ಬೈಸಿಕೊಂಡಿದ್ದೇನೆ. ಗಂಡ ನಿಂಗಯ್ಯನವರಂತೂ ಸೀನು ಬಂದರೆ ನಾಲೆ ಏರಿಯವರೆಗೆ ಓಡುತ್ತಾರೆ. ನೇತುಹಾಕಿದ ಹುಲ್ಲಿನ ಚೀಲದೊಳಗೆ ಅಣಬೆಯ ಬೇರಿನಂಥ ಬಿಳಿ ಬೂಷ್ಟು ಹಬ್ಬಿದರೆ ಆಕೆಗೆ ಮೊಮ್ಮಗುವಿಗೆ ಹಲ್ಲು ಬಂದಷ್ಟು ಸಂಭ್ರಮ. "ಮರದಂಥ ನಾರನ್ನೂ ಮೆತ್ತಗೆ ಮಾಡ್ತದೆ ಕಣ್ರೀ ಇದು" ಎಂದು ಬಸ್ ಕಂಡಕ್ಟರಿಗೂ ಪಾಠ ಹೇಳುತ್ತಾರೆ. ಅಣಬೆ ಕೊಯ್ದ ಮೇಲೆ ಉಳಿಯುವ ಹುಲ್ಲನ್ನು ಗೊಬ್ಬರಕ್ಕೆ ಕೇಳಿದರೆ ಮಾತ್ರ ಕೊಡುವುದಿಲ್ಲ. "ಅದು ಕೆಂದೀದು, ಬುಡಿ." ಕೆಂದಿ ಅವರ ಮುದಿ ಹಸು. ಹಲ್ಲು ಸವೆದು, ಒಣಹುಲ್ಲು ಅಗಿಯಲಾರದೆ ಸೊರಗಿದ್ದಾಗ ಕೊಳ್ಳುವವನು ಹಗ್ಗ ಹಿಡಿದು ಬಂದೇಬಿಟ್ಟಿದ್ದ. ಈಗ ದಿನಾ ಅದರ ಬಾಯಿಗೆ ಆ ಚೀಲದ ಹುಲ್ಲನ್ನೇ ಹಿಡಿಹಿಡಿಯಾಗಿ ಇಡುತ್ತಾ ದ್ಯಾವೀರಮ್ಮ ಮೆಲ್ಲಗೆ ಹೇಳುತ್ತಾರೆ: "ತಿನ್ನವ್ವ, ಬೂಷ್ಟು ಅಗಿದು ಕೊಟ್ಟದೆ."