ಡಬ್ಬಾ ಅಳಿಯನ ಗದ್ದಲದ ರೆಕಾರ್ಡುಗಳು

ವಾಹನ ರಿಪೇರಿ ಶೆಡ್ಡಿನಲ್ಲಿ ಅವನದು ಟಿಂಕರಿಂಗ್ ಕೆಲಸ. ಗುದ್ದಿಸಿಕೊಂಡು ಬಂದ ಕಾರು, ವ್ಯಾನುಗಳ ಬಾಗಿಲು ಬಿಚ್ಚಿ, ಒಳಗಿನಿಂದ ತಟ್ಟಿ ತಟ್ಟಿ ತಗ್ಗು ತೆಗೆಯಬೇಕು. ಇಡೀ ದಿನ ಟಣ್ ಟಣ್ ಎಂಬ ಸದ್ದಿನಲ್ಲಿ ಮುಳುಗಿದ್ದು ಮನೆಗೆ ಬಂದವನು, ಕೈಕಾಲು ತೊಳೆದು, ಅದಕ್ಕೆ ಹತ್ತು ಪಾಲು ಗದ್ದಲದ ಸಂಗೀತ ಹಾಕಿಕೊಂಡು ಕೂರುತ್ತಿದ್ದ. ಪಂಕ್, ಗ್ರೈಂಡ್‌ಕೋರ್, ನಾಯ್ಸ್ ಎಂದು ಅವುಗಳಲ್ಲಿ ಜಾತಿಗಳಿದ್ದವು. ಮಿಕ್ಕವರಿಗೆ ಎಲ್ಲವೂ ಒಂದೇ. ಪಾತ್ರೆ ಅಂಗಡಿಗೆ ಗೂಳಿ ನುಗ್ಗಿದ ಸದ್ದು.

ಈ ಹುಚ್ಚು ಹತ್ತಿಸಿದವನು ಶೆಡ್ಡಿನ ಹಳೆಯ ಪೇಂಟರ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮವನಿಗೆ ಸುತ್ತಿಗೆಯ ಸದ್ದಿಗೆ ತಲೆ ಸಿಡಿಯುತ್ತಿತ್ತು. ಬಿಟ್ಟು ಹೋಗುತ್ತೇನೆ ಎಂದು ಹೊರಟವನ ಕೈಗೆ ಪೇಂಟರ್ ಒಂದು ಕ್ಯಾಸೆಟ್ ಇಟ್ಟ. "ಹೋಗೋದಿದ್ರೆ ಹೋಗಪ್ಪ. ಹೋಗೋಕೆ ಮುಂಚೆ ಇದೊಂದು ಕೇಳು. ಯಾರೋ ಪುಣ್ಯಾತ್ಮರು ನಮ್ಮ ಶೆಡ್ಡನ್ನೇ ಹಾಡು ಮಾಡಿದಾರೆ" ಎಂದ. ಕೇಳಿದ. ಮರುದಿನ ಕೆಲಸಕ್ಕೆ ಬಂದಾಗ ತಗಡಿನ ಸದ್ದು ಬೇರೆಯೇ ಕೇಳಿಸಿತು. ತೆಳು ತಗಡು ಒಂದು ಥರ ಕೂಗುತ್ತಿತ್ತು, ದಪ್ಪದ್ದು ಇನ್ನೊಂದು ಥರ. ಬಿಡಬೇಕೆಂದಿದ್ದ ಕೆಲಸದಲ್ಲೇ ತಲೆ ನರೆಯಿತು. ಆ ಪೇಂಟರನ್ನು ನೆನೆಯದೆ ಅವನು ಹೊಸ ರೆಕಾರ್ಡು ಬಿಚ್ಚಿದ್ದೇ ಇಲ್ಲ.

ಊಟದ ಬಿಡುವಿನಲ್ಲಿ ಜೊತೆಯವರು ಬೇಕೆಂದೇ ಕೆಣಕುತ್ತಿದ್ದರು, "ಹೇಗಿದೆ ಹೊಸ ಮಾಲು?" ಅವನೋ, ತುತ್ತು ಕೈಯಲ್ಲೇ ಹಿಡಿದು ವಿವರಿಸಲು ಕೂರುತ್ತಿದ್ದ. "ಲಾರಿಯಿಂದ ತಗಡಿನ ಶೀಟು ಜಾರಿದ್ದು ನೋಡಿದೀರಲ್ಲ? ಈ ರೆಕಾರ್ಡಿನ ಒಂದಿಡೀ ಮಗ್ಗುಲು ಅದು ಜಾರ್ತಾನೇ ಇರುತ್ತೆ, ನೆಲ ಮುಟ್ಟೋದೇ ಇಲ್ಲ!" ಎಂದು ನಾಯ್ಸ್ ರೆಕಾರ್ಡೊಂದನ್ನು ಹೊಗಳುತ್ತಿದ್ದ. ಪಂಕ್ ಹುಡುಗರ ಬಗ್ಗೆ, "ಬರೋದು ಮೂರೇ ಸ್ವರ. ಆದ್ರೆ ಮೂರನ್ನೂ ಅಪ್ಪನ ಮನೆ ಆಸ್ತಿ ಥರ ಬಾರಿಸ್ತಾರೆ" ಎನ್ನುತ್ತಿದ್ದ. ಗ್ರೈಂಡ್‌ಕೋರ್ ಮಾತ್ರ ಅವನ ಪ್ರಾಣ. "ಹಾಡು ಶುರುವಾಯ್ತಾ ಅಂತ ಕೇಳೋಷ್ಟ್ರಲ್ಲಿ ಮುಗಿದಿರುತ್ತೆ. ನಾಲ್ಕು ಜನ ಮೆಟ್ಟಿಲ ಮೇಲಿಂದ ಒಟ್ಟಿಗೆ ಉರುಳಿ ಒಟ್ಟಿಗೇ ಎದ್ದು ನಿಂತ ಹಾಗೆ. ಉರುಳೋದು ಯಾರಿಗೆ ಬರಲ್ಲ? ಎದ್ದು ನಿಲ್ಲೋದಿದೆಯಲ್ಲ, ಅದು ಸಂಗೀತ."

ಹೆಂಡತಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅವಳದು ತಣ್ಣನೆಯ ಸ್ವಭಾವ. ಅಡುಗೆಮನೆಯ ಹಿಂದಿನ ಕೋಣೆ ಅವನಿಗೆ, ಮಿಕ್ಕ ಮನೆಯೆಲ್ಲ ತನಗೆ ಎಂದು ಮದುವೆಯಾದ ವರ್ಷವೇ ಇತ್ಯರ್ಥ ಮಾಡಿ, ಕೋಣೆಯ ಬಾಗಿಲಿಗೆ ದಪ್ಪ ಕಂಬಳಿ ಹೊಡೆಸಿದ್ದಳು. ತಕರಾರಿದ್ದದ್ದು ಅತ್ತೆಯದು. ಆಕೆ ಶಾಲೆಯಲ್ಲಿ ಹಾಡು ಕಲಿಸುತ್ತಿದ್ದ ಟೀಚರು. ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಹುಬ್ಬೇರಿಸುವವರು. ಮಗಳ ಮನೆಗೆ ಬಂದಾಗೊಮ್ಮೆ ಕಂಬಳಿಯ ಆಚೆಯಿಂದ ಬಂದ ಸದ್ದು ಕೇಳಿ, "ಅಳಿಯಂದಿರೇ, ಕೋಣನ ಮುಂದೆ ಕಿನ್ನರಿ ಬಾರಿಸೋದು ಕೇಳಿದ್ದೆ. ಇಲ್ಲಿ ಕೋಣವೇ ಕಿನ್ನರಿ ಕಿತ್ಕೊಂಡಿದೆಯಲ್ಲ!" ಎಂದಿದ್ದರು. ಅಂದಿನಿಂದ, ತಗಡು ಬಡಿದು ತಗಡಿನ ಸದ್ದನ್ನೇ ಕೇಳುವವನೆಂದು, ಬಳಗದಲ್ಲಿ ಅವನಿಗೆ ಡಬ್ಬಾ ಅಳಿಯ ಎಂದೇ ಹೆಸರು ಬಿತ್ತು.

ಅಂಥ ಟೀಚರಿಗೆ ಒಂದು ಬೆಳಿಗ್ಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು, ಜೊತೆಗೆ ಮಾತೂ. ಆಸ್ಪತ್ರೆಯಿಂದ ಮಗಳ ಮನೆಗೇ ಕರೆತಂದರು. ಮಂಚ ಹಾಕಲು ಇದ್ದದ್ದು ಅವನ ಕೋಣೆಯೊಂದೇ. ಅವನು ಚಕಾರ ಎತ್ತದೆ ಜಾಗ ಮಾಡಿಕೊಟ್ಟ. ಗೋಡೆಯುದ್ದಕ್ಕೂ ಇದ್ದ ರೆಕಾರ್ಡಿನ ಕಪಾಟುಗಳನ್ನು ಸಾಗಿಸಲು ಬೇರೆ ಕಡೆಯಿರಲಿಲ್ಲ. ಹಾಗಾಗಿ ಅತ್ತೆ ತಮಗೆ ಆಗದ ಸಂಗೀತದ ನಡುವೆಯೇ ಮಲಗಬೇಕಾಯಿತು. ಪ್ಲೇಯರಿನ ಮೇಲೆ ಬಟ್ಟೆ ಮುಚ್ಚಿ ಅವನು ಸುಮ್ಮನಾದ.

ನೋಡಲು ಬಂದವರೆಲ್ಲ ಆಕೆಯನ್ನು ತೊಟ್ಟಿಲ ಕೂಸಿನಂತೆ ಮಾತಾಡಿಸುತ್ತಿದ್ದರು. "ಟೀಚರಮ್ಮ ಊಟ ಮಾಡಿದ್ರಾ? ಎಲ್ಲಾ ಖಾಲಿ ಮಾಡಿದ್ರಾ? ಅಬ್ಬಾ, ಎಷ್ಟು ಜಾಣೆ!" ಆಕೆ ಗೋಡೆಗೆ ಮುಖ ತಿರುಗಿಸುತ್ತಿದ್ದರು. ಮಾತು ಕಲಿಸಲು ಬರುತ್ತಿದ್ದ ಥೆರಪಿ ಹುಡುಗಿ "ಅ ಅನ್ನಿ, ಆ ಅನ್ನಿ" ಎಂದು ಎಷ್ಟು ಬೇಡಿಕೊಂಡರೂ ತುಟಿ ಪಿಟಕ್ಕೆನ್ನಲಿಲ್ಲ. ಸಾವಿರಾರು ಮಕ್ಕಳಿಗೆ ಸ್ವರ ಹೇಳಿಕೊಟ್ಟ ಬಾಯಿಗೆ ಅದಕ್ಕಿಂತ ಅವಮಾನ ಇನ್ನೇನಿತ್ತು?

ಒಂದು ಭಾನುವಾರ ಹೆಂಡತಿ ಅಂಗಡಿಗೆ ಹೋಗಿದ್ದಾಗ ಅವನು ಕಪಾಟಿನ ಧೂಳು ಒರೆಸುತ್ತಿದ್ದ. ಅತ್ತೆ ಎಡಗೈ ಚಾಚಿ ಒಂದು ರೆಕಾರ್ಡನ್ನು ಎಳೆದು ಹಾಸಿಗೆಯ ಮೇಲೆ ಬೀಳಿಸಿಕೊಂಡರು. ಕಪ್ಪು ಬಿಳುಪಿನ ಜೆರಾಕ್ಸ್ ಹೊದಿಕೆ. ಅದರ ಮೇಲೆ ಬಾಯಿ ಹರಿಯುವ ಹಾಗೆ ಕಿರುಚುತ್ತಿರುವ ಒಂದು ಮುಖ.

"ಇವೆಲ್ಲ ಇಲ್ಲಿರೋದು ಕಷ್ಟ ಆಗ್ತಿದೆಯಾ ಅತ್ತೆ? ಹೊರಗಿಡ್ತೀನಿ ಬಿಡಿ" ಎಂದ.

ಆಕೆ ಬೇಡವೆಂದು ತಲೆಯಾಡಿಸಿದರು. ಬೆರಳನ್ನು ಪ್ಲೇಯರಿನತ್ತ ತೋರಿಸಿದರು.

ಅವನು ಹೆದರಿಕೊಂಡೇ ಸಣ್ಣ ದನಿಯಲ್ಲಿ ಹಾಕಿದ. ಡ್ರಮ್ಮು ಸುರಿಯಿತು, ಗಿಟಾರು ಗರಗರ ಎಂದಿತು, ಹಾಡುಗಾರ ಪದವೇ ಇಲ್ಲದೆ ಅರಚಿದ. ಅತ್ತೆ ಕಣ್ಣು ಮುಚ್ಚಿ ಕೇಳಿದರು. ಎರಡು ಹಾಡು ಮುಗಿದವು. ಮೂರನೆಯದರಲ್ಲಿ ಆಕೆಯ ಬಾಯಿ ತೆರೆದು "ಆಆಆ" ಎಂದು ದನಿ ಹೊರಟಿತು. ನೋವೇನೋ ಎಂದು ಗಾಬರಿಯಾಗಿ ಅವನು ಸೂಜಿ ಎತ್ತಲು ಹೋದ. ಅತ್ತೆ ಎಡಗೈಯಲ್ಲಿ ಅವನ ಮಣಿಕಟ್ಟು ಹಿಡಿದುಬಿಟ್ಟರು. ಮತ್ತೆ ಕೂಗಿದರು. ಕಾಯಿಲೆ ಬಿದ್ದಂದಿನಿಂದ ಒಳಗೇ ಕುದಿಯುತ್ತಿದ್ದ ಸಿಟ್ಟೆಲ್ಲ ಆ ಕೂಗಿನಲ್ಲಿತ್ತು. ಏನು ಮಾಡಲೂ ತೋಚದೆ ಅವನೂ ನೆಲದ ಮೇಲೆ ಕೂತು ಜೊತೆಗೆ ಕೂಗಿದ.

ಬಾಗಿಲು ತಳ್ಳಿ ಬಂದ ಹೆಂಡತಿಯ ಕೈಯಿಂದ ಚೀಲ ಜಾರಿತು. "ರೀ! ಅಮ್ಮಂಗೆ ಏನಾಯ್ತ್ರೀ?"

"ಏನೂ ಆಗಿಲ್ಲ ಕಣೇ. ಹಾಡ್ತಿದಾರೆ."

ಥೆರಪಿ ಹುಡುಗಿಗೆ ಹೇಳಲು ಇಬ್ಬರಿಗೂ ಅಳುಕು. ಹೇಳಿದಾಗ ಅವಳು ಬೈಯಲಿಲ್ಲ, ಅತ್ತೆಯ ಮುಂದೆ ಕೂತು ನೋಡಿ ನಕ್ಕಳು. "ಉಸಿರು ಬರ್ತಿದೆ, ದನಿ ಬಿಡ್ತಿದೆ. ಗಂಟಲು ನೋಯದ ಹಾಗೆ ದಿನಾ ಸ್ವಲ್ಪ ಹೊತ್ತು ಹಾಕಿ. ಆಮೇಲೆ ನನ್ನ ಪಾಠ" ಎಂದಳು. ಆ ಮೇಲೆ ಅತ್ತೆ ಅವಳ ಪಾಠಕ್ಕೂ ಬಾಯಿ ತೆರೆದರು. ಇಂಚಿಂಚಾಗಿ ಸಾಗಿತು ಕೆಲಸ. ಒಂದು ಸಂಜೆ ಅವನು ತನ್ನ ಮೆಚ್ಚಿನ ನಾಯ್ಸ್ ರೆಕಾರ್ಡು ಹಾಕಿ ಕೂತಿದ್ದಾಗ ಮಂಚದ ಕಡೆಯಿಂದ ಮಾತು ಬಂತು.

"ಸಾ... ಕು."

ಹೆಂಡತಿ ಅಡುಗೆಮನೆಯಿಂದ ಓಡಿಬಂದು ಅಮ್ಮನ ಕಾಲ ಬಳಿ ಕುಸಿದು ಅತ್ತಳು. ನಿನ್ನ ಸಂಗೀತ ಸಾಕು ಎನ್ನಿಸಿಕೊಂಡು ಅಷ್ಟು ಸಂತೋಷಪಟ್ಟ ಗಂಡಸು ಭೂಮಿಯ ಮೇಲೆ ಇನ್ನೊಬ್ಬನಿರಲಾರ. ಅವನು ಸೂಜಿ ಎತ್ತುವಷ್ಟರಲ್ಲಿ ಅತ್ತೆಯ ಬೆರಳು ಕಪಾಟಿನ ಇನ್ನೊಂದು ಮೂಲೆಗೆ ಹೋಗಿತ್ತು. "ಅದು." ಆಕೆಗೆ ಬೇಕಿದ್ದದ್ದು ಗ್ರೈಂಡ್‌ಕೋರ್. ತಾಳವಿಲ್ಲದ ನಾಯ್ಸನ್ನು ಆಕೆ ಕೊನೆಯವರೆಗೂ ಒಪ್ಪಲಿಲ್ಲ.

ಟೈರ್ ಅಂಗಡಿಯ ನೆಲಮಾಳಿಗೆಯಲ್ಲಿ ಊರಿನ ಹುಡುಗರದೊಂದು ತಂಡ ಇಂಥದೇ ಸಂಗೀತ ನುಡಿಸುತ್ತದೆ ಎಂದು ಗೊತ್ತಾದಾಗ ಆಕೆ ಹಟ ಹಿಡಿದರು. "ನಾನೂ."

"ಅಮ್ಮಾ, ನಿನ್ನ ವಯಸ್ಸೇನು, ಅವರ ಕುಣಿತವೇನು!" ಎಂದಳು ಮಗಳು.

"ಬ... ರ್ತೀನಿ."

ಗಾಲಿಕುರ್ಚಿಯನ್ನು ತಂಡದ ಹುಡುಗರೇ ಮೆಟ್ಟಿಲಿಳಿಸಿದರು. ಕಿವಿಗೆ ರಬ್ಬರ್ ಬಿರಡೆ ಸಿಕ್ಕಿಸಿ ಮೂವರೂ ಗೋಡೆ ಪಕ್ಕ ಕೂತರು. ಎಲ್ಲ ಮುಗಿದ ಮೇಲೆ, ಹಗಲು ಬ್ರೆಡ್ಡಿನ ವ್ಯಾನು ಓಡಿಸುವ ಹಾಡುಗಾರ ಬೆವರೊರೆಸುತ್ತ ಬಂದು ಮಂಡಿಯೂರಿ, "ಹೇಗಿತ್ತಜ್ಜಿ?" ಎಂದ.

ಆಕೆ ಮಾತು ಹೊಂದಿಸಿಕೊಂಡರು. "ತಾಳ... ತಪ್ತು."

ಡ್ರಮ್ಮಿನ ಹುಡುಗ ಹಣೆ ಚಚ್ಚಿಕೊಂಡ. "ಕೊನೇ ಹಾಡಲ್ಲಿ ಅಜ್ಜಿ! ಈ ಗಲಾಟೆಲಿ ಯಾರಿಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ." ನೆಲಮಾಳಿಗೆ ನಗೆಯಿಂದ ತುಂಬಿತು. ಅತ್ತೆ ಅರ್ಧ ಮುಖದಲ್ಲೇ ಹೊಟ್ಟೆ ತುಂಬ ನಕ್ಕರು.

ಮನೆಗೆ ಬರುವ ದಾರಿಯಲ್ಲಿ ಕುರ್ಚಿ ತಳ್ಳುತ್ತಿದ್ದ ಅಳಿಯನ ಕೈ ತಟ್ಟಿ ನಿಲ್ಲಿಸಿದರು. "ಎಲ್ಲಾರೂ... ಮಗು ಥರ. ನೀವು... ಇಲ್ಲ." ಅವನು ಆಕೆಯ ಶಾಲು ಸರಿಮಾಡಿ ಮತ್ತೆ ಕುರ್ಚಿ ತಳ್ಳಿದ.

ಆ ಮೇಲೂ ಕೆಲವು ವರ್ಷ ಟೀಚರು ಇದ್ದು, ನಿದ್ದೆಯಲ್ಲೇ ಹೋದರು. ನೀನು ಮಗನಿಗಿಂತ ಹೆಚ್ಚಾಗಿ ನೋಡಿಕೊಂಡೆ ಎಂದು ಬಂದವರು ಅವನನ್ನು ಹೊಗಳಿದರು. ಅವನು ಕೈ ಮುಗಿದ. "ಹಾಗನ್ಬೇಡಿ. ಅಷ್ಟು ವರ್ಷ ಈ ಕೋಣೇಲಿ ಒಬ್ಬನೇ ಕೂತು ಕೇಳಿದೋನು ನಾನು. ನನ್ನ ಜೊತೆ ಕೂತು ಕೇಳಿದ್ದು ಅವರೊಬ್ಬರೇ. ಋಣ ಏನಿದ್ರೂ ನನ್ನ ಮೇಲಿರೋದು."

ಅಂದು ಸಂಜೆ ಹೆಂಡತಿ ತಾನಾಗಿಯೇ ಆ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತಳು. "ಅಮ್ಮಂಗೆ ಇಷ್ಟ ಆಗ್ತಿದ್ದದ್ದು ಯಾವುದ್ರೀ? ಹಾಕಿ, ನಾನೂ ಕೇಳ್ತೀನಿ" ಎಂದಳು.