ದೆವ್ವದ ನಡತೆ ತೃಪ್ತಿಕರ

ಬೀದಿಯವರೆಲ್ಲ ಆಕೆಯನ್ನು ಬೀಗದಕ್ಕ ಎಂದೇ ಕರೆಯುತ್ತಿದ್ದರು. ಹೆಂಗಸರ ಜೈಲಿನಲ್ಲಿ ಕೂದಲು ನರೆಯುವ ತನಕ ವಾರ್ಡರ್ ಆಗಿದ್ದು ನಿವೃತ್ತಳಾದವಳು. ಆಕೆ ಕೆಲಸವನ್ನು ಬಿಟ್ಟರೂ ಕೆಲಸ ಆಕೆಯ ಕೈಯನ್ನು ಬಿಟ್ಟಿರಲಿಲ್ಲ. ಯಾವ ಬಾಗಿಲು ಮುಚ್ಚಿದರೂ ಒಮ್ಮೆ ಎಳೆದು ನೋಡುವಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ಬಂದು ಇನ್ನೊಮ್ಮೆ ಎಳೆಯುವಳು. ಅಡುಗೆಮನೆಯ ಸಕ್ಕರೆ ಡಬ್ಬಕ್ಕೂ ಒಂದು ಪುಟ್ಟ ಬೀಗ ಹಾಕಿದ್ದಳು. ಇರುವೆಗಳ ಕಾಟ ಎಂಬುದು ಅದಕ್ಕೆ ಆಕೆ ಕೊಡುತ್ತಿದ್ದ ಕಾರಣ. ಇರುವೆಗಳು ಬೀಗಕ್ಕೆ ಸೊಪ್ಪು ಹಾಕದೆ ಒಳಗೂ ಹೊರಗೂ ಓಡಾಡಿಕೊಂಡಿದ್ದವು. ಅದೊಂದು ಕೊರಗು ಆಕೆಗೆ ಇದ್ದೇ ಇತ್ತು.

ಹೊಗಳುವುದು ಆಕೆಗೆ ಒಗ್ಗದ ಕೆಲಸ. ಜೈಲಿನಲ್ಲಿ ಯಾರ ಬಗ್ಗೆಯಾದರೂ ಆಕೆ ಆಡುತ್ತಿದ್ದ ಅತಿ ದೊಡ್ಡ ಮಾತೆಂದರೆ ‘ನಡತೆ ತೃಪ್ತಿಕರ’. ಅದೂ ಅಪರೂಪಕ್ಕೆ. ಮಗಳು ತರಗತಿಗೇ ಮೊದಲಿಗಳಾಗಿ ಓಡೋಡಿ ಮನೆಗೆ ಬಂದಿದ್ದ ದಿನವೂ, “ಸರಿ, ಚಪ್ಪಲಿ ಗೂಡಲ್ಲಿಡು” ಎಂದಿದ್ದಳು.

ಆ ಮಗಳು ಸಿನಿಮಾ ಮಾಡುವವನನ್ನು ಮದುವೆಯಾದಳು. ಅವನು ತನ್ನ ಮೊದಲ ಸಿನಿಮಾಕ್ಕೆ ಅತ್ತೆ ಮೆಚ್ಚಲೆಂದೇ ಜೈಲಿನ ಕತೆ ಆರಿಸಿಕೊಂಡ. ಅದಕ್ಕೊಂದು ದೆವ್ವವನ್ನೂ ಸೇರಿಸಿದ. ಊಟಕ್ಕೆ ಕೂತಾಗ ಪೂರ್ತಿ ಕತೆ ಹೇಳಿ ಅತ್ತೆಯ ಮುಖ ನೋಡಿದ.

“ಜೈಲಿಗೆ ಗೋಡೆ ಇದೆ ಅಂದ್ಯಲ್ಲ, ಅದೊಂದು ನಿಜ” ಎಂದಳು ಬೀಗದಕ್ಕ.

ಅಳಿಯ ಅರ್ಧ ಊಟಕ್ಕೆ ಕೈತೊಳೆದು ಎದ್ದುಹೋದವನು ಮತ್ತೆ ಆ ಮನೆಯ ಕಡೆ ತಲೆ ಹಾಕಲಿಲ್ಲ. ಮಗಳು ಒಬ್ಬಳೇ ಬರುವಳು, ಗಂಡನ ವಿಷಯ ಎತ್ತದೆ ಕೂರುವಳು, ಹೋಗುವಳು. ಸಿನಿಮಾ ಬಿಡುಗಡೆಯ ಹಿಂದಿನ ದಿನ ಮಾತ್ರ ನಿಂತುಕೊಂಡೇ ಮಾತಾಡಿದಳು.

“ನಾಳೆ ಮ್ಯಾಟಿನಿಗೆ ಬರ್ತೀಯ. ಮುಗಿದ್ಮೇಲೆ ಅವರಿಗೆ ಒಂದು ಒಳ್ಳೆ ಮಾತು ಹೇಳ್ತೀಯ. ಒಂದೇ ಒಂದು. ಇಲ್ಲಾಂದ್ರೆ ನಾನೂ ಈ ಹೊಸ್ತಿಲು ತುಳಿಯಲ್ಲ.”

“ನನ್ನೇ ಹೆದರಿಸ್ತೀಯೇನೆ?”

“ಮತ್ತೆ ನಾನು ಯಾರ ಮಗಳು?”

ಮಗಳು ಹೋದಮೇಲೆ ಬೀಗದಕ್ಕ ಬಾಗಿಲನ್ನು ಎರಡು ಸಲ ಎಳೆದು ನೋಡಿದಳು. ಯಾಕೋ ಮೂರನೆಯ ಸಲವೂ ಎಳೆದಳು. ಆಮೇಲೆ ಕನ್ನಡಿಯ ಮುಂದೆ ನಿಂತು, “ತುಂಬಾ ಚೆನ್ನಾಗಿದೆ” ಎಂದು ಅಭ್ಯಾಸ ಶುರುಮಾಡಿದಳು. ಅದು ಯಾರನ್ನೋ ಸಾಲಿನಲ್ಲಿ ನಿಲ್ಲು ಎಂದಂತೆ ಕೇಳಿಸಿತು. ಪಕ್ಕದ ಮನೆಯ ಹೊಲಿಗೆಯವಳು ಕಿಟಕಿಯಿಂದ ಇಣುಕಿದಳು.

“ಯಾರನ್ನ ಗದರಿಸ್ತಿದೀರಾ ಬೀಗದಕ್ಕ?”

“ಯಾರನ್ನೂ ಇಲ್ಲ. ಹೊಗಳ್ತಿದೀನಿ.”

ಹೊಲಿಗೆಯವಳು ಕಿಟಕಿ ಮುಚ್ಚಿಕೊಂಡಳು.

ಮರುದಿನ ಟಾಕೀಸಿನಲ್ಲಿ ಆಕೆ ಬಾಗಿಲ ಪಕ್ಕದ ಕುರ್ಚಿಯನ್ನೇ ಹಿಡಿದಳು. ಅಳಿಯ ಕೊನೆಯ ಸಾಲಿನ ಕತ್ತಲಲ್ಲಿ ಉಗುರು ಕಚ್ಚುತ್ತ ಕೂತಿದ್ದ. ಪರದೆಯ ಮೇಲೆ ಜೈಲು ನೀಲಿಯಾಗಿ ಹೊಳೆಯಿತು. ಜೈಲಿನಲ್ಲೇ ಸತ್ತ ಕೈದಿಯೊಬ್ಬಳು ದೆವ್ವವಾಗಿ ತನ್ನ ಕೋಣೆಯಲ್ಲೇ ಉಳಿದಿದ್ದಳು. ಸಿನಿಮಾದ ವಾರ್ಡರ್ ಬೀಗದ ಕೈಗಳ ಗೊಂಚಲನ್ನು ಮೊಳೆಗೆ ನೇತುಹಾಕಿ ಗೊರಕೆ ಹೊಡೆಯುತ್ತಿದ್ದಳು.

“ಏಯ್, ಏಳೇ!” ಎಂದಳು ಬೀಗದಕ್ಕ, ಇಡೀ ಟಾಕೀಸಿಗೆ ಕೇಳುವಂತೆ.

ವಾರ್ಡರ್ ಏಳಲಿಲ್ಲ. ದೆವ್ವ ಮೆಲ್ಲಗೆ ಬಂದು ಗೊಂಚಲು ತೆಗೆದುಕೊಂಡಿತು, ಒಂದೊಂದೇ ಬೀಗ ತೆಗೆಯಿತು, ಹೆಬ್ಬಾಗಿಲು ದಾಟಿತು. ಇಷ್ಟು ವರ್ಷ ಆ ಕ್ಷಣ ಬಾರದಿರಲೆಂದೇ ಕಾದಿದ್ದ ಮೈ ಆಕೆಯದು. ಆಕೆ ಯೋಚಿಸಲಿಲ್ಲ. ಎದ್ದವಳೇ ಟಾಕೀಸಿನ ಬಾಗಿಲಿಗೆ ಒಳಗಿನಿಂದ ಚಿಲಕ ಜಡಿದು, ಅದಕ್ಕೆ ಬೆನ್ನು ಕೊಟ್ಟು ನಿಂತಳು.

ದೀಪ ಹತ್ತಿತು. ಮಧ್ಯಂತರ. ಪಾಪ್‌ಕಾರ್ನ್ ತಿನ್ನುತ್ತಿದ್ದ ದಪ್ಪನೆಯವನೊಬ್ಬ ಎದ್ದು ಹೆಂಡತಿಗೆ, “ಬಾರೆ, ಮನೆಗೆ ಹೋಗೋಣ. ಇದಕ್ಕೆ ತಲೆಯಿಲ್ಲ ಬುಡವಿಲ್ಲ” ಎಂದ. ಅವನ ಹಿಂದೆಯೇ ಇನ್ನಷ್ಟು ಜನ ಎದ್ದರು. ಬಾಗಿಲಲ್ಲಿ ಬೀಗದಕ್ಕ.

“ಯಾರೂ ಕದಲೋ ಹಾಗಿಲ್ಲ. ಒಬ್ಬಳು ಹೊರಗೆ ಹೋಗಿದಾಳೆ.”

“ಅದು ದೆವ್ವ ಅಲ್ವೇನ್ರೀ?”

“ಯಾರಾದ್ರೂ ಆಗ್ಲಿ. ಕೂತ್ಕೊಳ್ಳಿ.”

ಆ ಧ್ವನಿಯಲ್ಲಿ ಏನಿತ್ತೋ, ದಪ್ಪನೆಯವನು ಕೂತುಬಿಟ್ಟ. ಉಳಿದವರೂ ಕೂತರು. ಅಳಿಯ ಬೆವರುತ್ತ ಓಡಿಬಂದ.

“ಅತ್ತೆ, ಅದು ಸಿನಿಮಾ ಅತ್ತೆ.”

“ಗೊತ್ತಪ್ಪ. ಬಾಗಿಲು ನಿಜದ್ದೇ ಅಲ್ವಾ?”

ಬಚ್ಚಲಿಗೆ ಹೋಗಬೇಕೆಂದವರನ್ನು ಇಬ್ಬಿಬ್ಬರಂತೆ ಬಿಟ್ಟಳು. ಹೋದವರು, ತಮಗೇ ಆಶ್ಚರ್ಯವಾಗುವಂತೆ, ತಿರುಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ಮಧ್ಯಂತರಕ್ಕೇ ಖಾಲಿಯಾಗಬೇಕಿದ್ದ ಟಾಕೀಸು ತುಂಬಿಯೇ ಇತ್ತು.

ಸಿನಿಮಾದ ಮುಂದಿನ ಭಾಗದಲ್ಲಿ ದೆವ್ವ ಊರೆಲ್ಲ ಅಲೆಯಿತು. ತನ್ನ ಮನೆಯ ಮುಂದೆ ನಿಂತಿತು. ಯಾರೂ ಗುರುತು ಹಿಡಿಯಲಿಲ್ಲ. ಸಂಜೆ, ಹಾಜರಿ ಕೂಗುವ ಹೊತ್ತಿಗೆ, ತಾನಾಗಿಯೇ ಜೈಲಿಗೆ ಬಂದು ಸಾಲಿನ ಕೊನೆಯಲ್ಲಿ ನಿಂತಿತು. ಅದರ ಹೆಸರು ಹಿಡಿದು ಕೂಗುವವರು ಇನ್ನೆಲ್ಲೂ ಉಳಿದಿರಲಿಲ್ಲ. ವಾರ್ಡರ್ ಅಭ್ಯಾಸಬಲದಿಂದ ಸತ್ತವಳ ಹೆಸರನ್ನೂ ಕೂಗಿದಳು. ಸಾಲಿನ ತುದಿಯ ಗಾಳಿ ಸ್ವಲ್ಪ ಅಲುಗಿತು.

ಬೀಗದಕ್ಕನ ಬೆನ್ನು ಬಾಗಿಲಿನಿಂದ ಸಡಿಲವಾಯಿತು. ಆಕೆ ಮೆಲ್ಲನೆ ಚಿಲಕ ತೆಗೆದಳು.

ಸಿನಿಮಾ ಮುಗಿದರೂ ಯಾರೂ ಹೊರಡಲಿಲ್ಲ. ಅಪ್ಪಣೆ ಬೇಕೇನೋ ಎಂಬಂತೆ ಕಾದಿದ್ದರು. ಅಳಿಯ ಬಂದು ನಿಂತ. ಮಗಳು ಅವನ ಹಿಂದೆ, ಉಸಿರು ಬಿಗಿಹಿಡಿದು.

“ಹೇಗಿತ್ತು ಅತ್ತೆ?”

ಕನ್ನಡಿಯ ಮುಂದೆ ಕಲಿತ ಮಾತಿಗೆಂದು ಬಾಯಿ ತೆರೆದಳು, ಬಂದದ್ದು ಬೇರೆ.

“ಬೀಗದ ಕೈನ ಮೊಳೆಗೆ ಯಾರೂ ನೇತುಹಾಕಲ್ಲ” ಎಂದಳು. “ಜೈಲು ನೀಲಿಯಾಗಿರಲ್ಲ. ಅಷ್ಟುದ್ದ ಡೈಲಾಗ್ ಹೊಡೆದ್ರೆ ಪಕ್ಕದವಳು ಬಾಯಿಮುಚ್ಚು ಅಂತಾಳೆ.”

ಮಗಳು ಕಣ್ಣು ಮುಚ್ಚಿಕೊಂಡಳು. ದಪ್ಪನೆಯವನಿಗೆ ಧೈರ್ಯ ಬಂತು.

“ಸರಿಯಾಗಿ ಹೇಳಿದ್ರಿ ಅಮ್ಮ! ಅಲ್ಲಾ, ಗೋಡೆ ತೂರ್ಕೊಂಡು ಹೋಗೋ ದೆವ್ವಕ್ಕೆ ಬೀಗದ ಕೈ ಯಾಕ್ರೀ ಬೇಕು? ದೊಡ್ಡ ತಪ್ಪೇ ಅದು!”

ಬೀಗದಕ್ಕ ಅವನ ಕಡೆ ತಿರುಗಿದಳು.

“ತೂರಬಹುದಿತ್ತು. ತೂರಲಿಲ್ಲ. ಬೀಗಕ್ಕೆ ಮರ್ಯಾದೆ ಕೊಟ್ಟು ಬಾಗಿಲಿಂದ ಹೋದಳು. ಬಾಗಿಲಿಂದಲೇ ಬಂದಳು. ನಮ್ಮನೆ ಇರುವೆಗೂ ಇಲ್ಲ ಆ ಬುದ್ಧಿ.” ಆಮೇಲೆ ಅಳಿಯನ ಮುಖ ನೋಡಿದಳು. “ದೆವ್ವದ ನಡತೆ ತೃಪ್ತಿಕರ.”

ಅಳಿಯನಿಗೆ ಏನೂ ತಿಳಿಯಲಿಲ್ಲ. ಹೆಂಡತಿಯ ಕಡೆ ನೋಡಿದರೆ ಅವಳು ಅಳುತ್ತಿದ್ದಳು.

“ಏನಾಯ್ತೇ? ಬೈದ್ರಾ?”

“ನನಗೇ ಇದುವರೆಗೆ ಹೇಳಿಲ್ಲ ರೀ ಅದನ್ನ” ಎಂದಳು ಅವಳು, ಮೂಗೊರೆಸಿಕೊಳ್ಳುತ್ತ.

ಆ ಮಾತನ್ನೇ ಅವನು ಪೋಸ್ಟರಿನ ಮೇಲೆ ದಪ್ಪಕ್ಷರದಲ್ಲಿ ಹಾಕಿಸಿದ. ಏನಿದು ವಿಚಿತ್ರ ಎಂದು ನಾಲ್ಕು ಜನ ಹೆಚ್ಚಿಗೆ ಬಂದರಂತೆ. ಮಧ್ಯಂತರಕ್ಕೆ ಎದ್ದೂ ಹೋದರಂತೆ. ಅವರನ್ನು ತಡೆಯಲು ಬಾಗಿಲಲ್ಲಿ ಯಾರೂ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಗಂಡಹೆಂಡತಿ ಇಬ್ಬರೂ ಊಟಕ್ಕೆ ಬಂದರು. ಅಳಿಯ ಹೊಸ್ತಿಲ ಹೊರಗೆ ಹಿಂದೆಮುಂದೆ ನೋಡುತ್ತ ನಿಂತ. ಬೀಗದಕ್ಕ ಒಳಗಿನಿಂದಲೇ ಮಗಳ ಹೆಸರು ಕೂಗಿದಳು.

“ಇದೀನಮ್ಮ.”

ಆಮೇಲೆ, ಮದುವೆಯಾದಂದಿನಿಂದ ಮೊದಲ ಬಾರಿಗೆ, ಅಳಿಯನ ಹೆಸರು ಕೂಗಿದಳು.

“ಇದೀನಿ ಅತ್ತೆ” ಎಂದು ಅವನು ಒಳಗೆ ಕಾಲಿಟ್ಟ.

ಆಕೆ ಬಾಗಿಲು ಹಾಕಿ ಒಮ್ಮೆ ಎಳೆದು ನೋಡಿದಳು. ಅಷ್ಟೇ. ತಿರುಗಿ ಬರಲಿಲ್ಲ, ಸಕ್ಕರೆ ಡಬ್ಬದ ಬೀಗ ತೆಗೆಯಲು ಹೋದಳು.